ಬಿಳಿ ಕಂಡಲ್ಲಿ ಸದ್ದು

ಮೈಸೂರಿನಲ್ಲಿ ಹವ್ಯಾಸಿ ಫೋಟೋಗ್ರಾಫರ್‌ಗಳ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು ಇದು. ಅಲ್ಲಿ ಪರದೆ ಮೇಲೆ ಫೋಟೋ ಹಾಕಿಕೊಂಡು ಮಾತಾಡಿದ್ದೆ. ಇಲ್ಲಿ ಫೋಟೋ ಇಲ್ಲ. ಹಾಗಾಗಿ ಅಲ್ಲಲ್ಲಿ ಎರಡು ಮಾತು ಜಾಸ್ತಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಆ ಮೈಕಿನ ಸೌಂಡು ಸ್ವಲ್ಪ ಇಳಿಸ್ತೀರಾ? ಇನ್ನೊಂಚೂರು. ಹಾಂ, ಸಾಕು.

ಇಳಿಸಿ ಅಂದಿದ್ದಕ್ಕೆ ಕಾರಣ ಇದೆ. ನಾನು ಮಂಡ್ಯದವನು. ಕಸುಬು ಮದುವೆ ಫೋಟೋ. ಇಪ್ಪತ್ತೇಳು ವರ್ಷವಾಯಿತು. ಛತ್ರದಲ್ಲಿ ಫೋಟೋಗ್ರಾಫರ್ ನಿಲ್ಲುವ ಜಾಗ ನಿಮಗೆ ಗೊತ್ತಲ್ಲ? ಒಂದು ಕಡೆ ಪುರೋಹಿತರು, ಇನ್ನೊಂದು ಕಡೆ ವಾಲಗದವರು. ‘ಗಟ್ಟಿಮೇಳ, ಗಟ್ಟಿಮೇಳ’ ಅಂದ ಕೂಡಲೇ ನನ್ನ ಎಡಗಿವಿಯಿಂದ ಒಂದು ಮೊಳ ದೂರದಲ್ಲಿ ಡೋಲು ಬಡಿಯುತ್ತದೆ. ತಾಳಿ ಕಟ್ಟುವುದೂ ಅದೇ ಗಳಿಗೆಯಲ್ಲಿ. ಓಡಿಹೋಗುವ ಹಾಗಿಲ್ಲ. ಅದು ಸಾಲದು ಅಂತ ಈಚೆಗೆ ಆರತಕ್ಷತೆಗೆ ಡಿಜೆ ಬೇರೆ ಬಂತು. ಹತ್ತು ವರ್ಷದ ಹಿಂದೆ ಎಡಗಿವಿಯಲ್ಲಿ ಸದಾ ‘ಕೊಂಯ್’ ಅನ್ನಲು ಶುರುವಾಯಿತು. ರಾತ್ರಿ ಮಲಗಿದರೆ ಇನ್ನೂ ಜೋರು. ಡಾಕ್ಟರಿಗೆ ತೋರಿಸಿದೆ. “ಒಂದಷ್ಟು ದಿನ ಸದ್ದಿಲ್ಲದ ಕಡೆ ಇದ್ದು ಬನ್ನಿ” ಅಂದರು.

ನಮ್ಮ ಕಸುಬಿನವರಿಗೆ ವರ್ಷದಲ್ಲಿ ಎರಡೇ ದೊಡ್ಡ ರಜೆ. ಒಂದು ಆಷಾಢ, ಇನ್ನೊಂದು ಧನುರ್ಮಾಸ. ಎರಡರಲ್ಲೂ ಮದುವೆ ಇಲ್ಲ. ಆಷಾಢ ಅಂದರೆ ಹೆಚ್ಚುಕಮ್ಮಿ ಜೂನ್ ಕೊನೆ, ಜುಲೈ. ಕೊಡಗಿನಲ್ಲಿ ಮಳೆ ಹಿಡಿದು ಹೊಡೆಯುವ ಕಾಲ. ಧನುರ್ಮಾಸ ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ. ಮಳೆ ನಿಂತಿರುತ್ತದೆ, ನೀರು ತಿಳಿಯಾಗಿರುತ್ತದೆ, ಹಸಿರು ಇನ್ನೂ ಒಣಗಿರುವುದಿಲ್ಲ. ನದಿ ಫೋಟೋ ತೆಗೆಯುವವನಿಗೆ ಅಂತಲೇ ಪಂಚಾಂಗದವರು ರಜೆ ಗುರುತು ಹಾಕಿಕೊಟ್ಟ ಹಾಗಿದೆ, ಅಲ್ವಾ?

ಆ ವರ್ಷದ ಆಷಾಢದಲ್ಲಿ ಇರ್ಪುಗೆ ಹೋದೆ. ದಕ್ಷಿಣ ಕೊಡಗಿನಲ್ಲಿ ಬ್ರಹ್ಮಗಿರಿ ಬೆಟ್ಟದಿಂದ ಲಕ್ಷ್ಮಣತೀರ್ಥ ಧುಮುಕುವ ಜಾಗ ಅದು. ರಾಮನಿಗೆ ಬಾಯಾರಿದಾಗ ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟು ನೀರು ತರಿಸಿದ ಅನ್ನುವ ಕತೆ ಇದೆ. ಕೆಳಗೆ ರಾಮೇಶ್ವರ ದೇವಸ್ಥಾನ. ಇದೇ ನೀರು ಹುಣಸೂರು ದಾಟಿ ನಮ್ಮ ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್‌ನ, ಹಿನ್ನೀರು ಸೇರುತ್ತದೆ. ಅಂದರೆ ನಾನು ದೂರ ಹೋಗಿದ್ದೆ ಅಂತ ಅಂದುಕೊಂಡಿದ್ದು ನಮ್ಮೂರ ನಲ್ಲಿಯ ಮೇಲ್ಗಡೆಗೆ, ಅಷ್ಟೆ.

ಸದ್ದಿಲ್ಲದ ಕಡೆ ಅಂತ ಹೋದವನಿಗೆ ಅಲ್ಲಿ ಸಿಕ್ಕಿದ್ದೇನು? ಡೋಲಿಗೂ ಮೀರಿದ ಸದ್ದು! ಜಲಪಾತದ ಹತ್ತಿರ ಪಕ್ಕದವನು ಮಾತಾಡಿದರೂ ಕೇಳುವುದಿಲ್ಲ. ಡಾಕ್ಟರು ಏನೋ ಹೇಳಿದರು, ನಾನು ಏನೋ ಮಾಡಿದೆ ಅಂದುಕೊಂಡು ಒಂದು ಬಂಡೆ ಮೇಲೆ ಎರಡು ಗಂಟೆ ಕೂತೆ. ಕಾಲಿಗೆ ನಾಲ್ಕು ಇಂಬಳ ಹತ್ತಿದ್ದು ಆಮೇಲೆ ಗೊತ್ತಾಯಿತು. ವಾಪಸ್ಸು ಬರುವಾಗ ಹುಣಸೂರಿನಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಆಗ ಹೊಳೆಯಿತು, ಕಿವಿಯಲ್ಲಿ ‘ಕೊಂಯ್’ ಇಲ್ಲ. ರಾತ್ರಿ ಮತ್ತೆ ಬಂತು, ಅದು ಬೇರೆ ಮಾತು. ಆದರೆ ಅಷ್ಟು ಹೊತ್ತು ಇರಲಿಲ್ಲ.

ಇಷ್ಟು ಸದ್ದು ಮಾಡುವ ನೀರು ಕಿವಿಗೆ ಯಾಕೆ ಮೌನದ ಹಾಗೆ ಕೇಳುತ್ತದೆ? ಈ ಪ್ರಶ್ನೆಯನ್ನು ನಾನು ಒಬ್ಬ ಫಿಸಿಕ್ಸ್ ಮೇಷ್ಟ್ರಿಗೆ ಕೇಳಿದೆ. ಅವರ ಮದುವೆ ಫೋಟೋ ತೆಗೆದವನು ನಾನೇ, ಆ ಸಲಿಗೆ. ಅವರು ಅಡುಗೆಮನೆಗೆ ಕರೆದುಕೊಂಡು ಹೋದರು. ಒಂದು ಪಾತ್ರೆಯಲ್ಲಿ ನೀರು ತುಂಬಿಸಿದರು. ಚೊಂಬಿನ ಬಾಯಿಯನ್ನು ಪಾತ್ರೆಯ ಅಂಚಿಗೇ ತಾಗಿಸಿ, ಒಳಗೋಡೆ ಮೇಲೆ ನಿಧಾನಕ್ಕೆ ನೀರು ಜಾರಿಸಿದರು. ಸದ್ದೇ ಇಲ್ಲ. ಆಮೇಲೆ ಚೊಂಬನ್ನು ಒಂದು ಗೇಣು ಮೇಲೆತ್ತಿ ಸುರಿದರು. ಗುಳುಗುಳು ಅಂತು. “ಏನು ಬದಲಾಯಿತು ನೋಡಿ” ಅಂದರು. ನೋಡಿದೆ. ಎರಡನೇ ಸಲ ನೀರಿನೊಳಗೆ ಗುಳ್ಳೆ ಇದ್ದವು.

ನೀರು ಹರಿಯುವ ಸದ್ದು ಬಹುಪಾಲು ಗುಳ್ಳೆಗಳದ್ದು. ನೀರು ಬೀಳುವಾಗ ಗಾಳಿಯನ್ನೂ ಎಳೆದುಕೊಂಡು ಒಳಗೆ ಹೋಗುತ್ತದೆ. ಒಳಗೆ ಸಿಕ್ಕಿಕೊಂಡ ಒಂದೊಂದು ಗುಳ್ಳೆಯೂ ಪುಟ್ಟ ಗಂಟೆಯ ಹಾಗೆ ಉಬ್ಬಿ ಕುಗ್ಗಿ ಕಂಪಿಸುತ್ತದೆ. 1933ರಲ್ಲಿ ಮಾರ್ಸೆಲ್ ಮಿನಾರ್ಟ್ ಅನ್ನುವ ವಿಜ್ಞಾನಿ ಇದರ ಲೆಕ್ಕ ಬರೆದಿಟ್ಟರು. ಗುಳ್ಳೆಯ ಅಡ್ಡಳತೆ 6 ಮಿಲಿಮೀಟರ್ ಇದ್ದರೆ ಅದು ಸೆಕೆಂಡಿಗೆ ಸುಮಾರು 1,000 ಸಲ ಕಂಪಿಸುತ್ತದೆ. 2 ಮಿಲಿಮೀಟರ್ ಇದ್ದರೆ 3,000ಕ್ಕೂ ಜಾಸ್ತಿ. ದೊಡ್ಡ ಗುಳ್ಳೆಗೆ ಗಡಸು ದನಿ, ಸಣ್ಣದಕ್ಕೆ ಕೀಚಲು. ಬೆಟ್ಟದ ಹೊಳೆಯಲ್ಲಿ ಲಕ್ಷಾಂತರ ಗುಳ್ಳೆ ಒಟ್ಟಿಗೆ ಹುಟ್ಟಿ ಸಾಯುತ್ತಿರುತ್ತವೆ. ಎಲ್ಲ ಸ್ವರವೂ ಒಂದೇ ಸಲ ಬರುವುದರಿಂದ ಯಾವ ಸ್ವರವೂ ಬೇರೆಯಾಗಿ ಕೇಳುವುದಿಲ್ಲ. ಡೋಲಿಗೆ ಪೆಟ್ಟು ಇದೆ, ಮುಂದಿನ ಪೆಟ್ಟಿಗೆ ಕಿವಿ ಕಾಯುತ್ತದೆ. ಹೊಳೆ ಸದ್ದಿನಲ್ಲಿ ಕಾಯುವುದಕ್ಕೆ ಏನೂ ಇಲ್ಲ. ನನ್ನ ‘ಕೊಂಯ್’ ಕೂಡ ಅದರೊಳಗೆ ಮುಳುಗಿಹೋಗಿತ್ತು.

ಅಷ್ಟು ಹೇಳಿ ಮೇಷ್ಟ್ರು ಚೊಂಬು ಕೆಳಗಿಟ್ಟರು. ನನಗೆ ಮಾತ್ರ ಕಣ್ಣು ಆ ಪಾತ್ರೆಯ ಮೇಲೇ ನಿಂತಿತ್ತು. ಯಾಕೆಂದರೆ ನೊರೆ ಬೆಳ್ಳಗೆ ಕಾಣುವುದೂ ಗುಳ್ಳೆಯಿಂದಲೇ. ನೀರಿಗೆ ಬಣ್ಣ ಇಲ್ಲ, ಗಾಳಿಗೂ ಇಲ್ಲ. ಎರಡೂ ಸೇರಿ ಗುಳ್ಳೆಯಾದಾಗ ಬೆಳಕು ಎಲ್ಲ ಕಡೆಗೂ ಚೆದುರಿ ಬಿಳಿ ಕಾಣುತ್ತದೆ. ಅಂದರೆ ಹೊಳೆಯಲ್ಲಿ ಎಲ್ಲಿ ಬಿಳಿ ಇದೆಯೋ ಅಲ್ಲೇ ಸದ್ದು. ಎಲ್ಲಿ ಕಪ್ಪಗೆ, ಹಸಿರಾಗಿ ನಿಂತಿದೆಯೋ ಅಲ್ಲಿ ಇಲ್ಲ. ಮಡು ಸುಮ್ಮನಿರುತ್ತದೆ. ನಾನು ಇಷ್ಟು ದಿನ ಬೆಳಕಿನ ಫೋಟೋ ತೆಗೆಯುತ್ತಿದ್ದೇನೆ ಅಂದುಕೊಂಡು ಸದ್ದಿನ ಫೋಟೋ ತೆಗೆಯುತ್ತಿದ್ದೆ.

ಈಗ ಈ ಮೂರು ಫೋಟೋ ನೋಡಿ. ಮೂರೂ ಒಂದೇ ಜಾಗ, ಒಂದೇ ಬಂಡೆ, ಹತ್ತು ನಿಮಿಷದ ಅಂತರ. ಮೊದಲನೆಯದಕ್ಕೆ ಷಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು, ತೆರೆದಿದ್ದು 1/1000 ಸೆಕೆಂಡು. ಒಂದೊಂದು ಹನಿಯೂ ಗಾಜಿನ ಚೂರಿನ ಹಾಗೆ ನಿಂತಿದೆ. ಚೆನ್ನಾಗಿದೆ. ಆದರೆ ನೋಡಿದರೆ ಯಾರೋ ಕಿರುಚಿ ಬಾಯಿ ತೆರೆದಾಗ ಕ್ಲಿಕ್ ಮಾಡಿದ ಹಾಗಿದೆ. ಎರಡನೆಯದು 1/4 ಸೆಕೆಂಡು. ಇದರಲ್ಲಿ ನೀರಿಗೆ ಎಳೆ ಎಳೆಯಾಗಿ ಜಡೆ ಬಂದಿದೆ. ಯಾವ ಕಲ್ಲನ್ನು ಬಳಸಿ ಯಾವ ಕಡೆ ತಿರುಗಿತು ಅನ್ನುವುದು ಕಾಣುತ್ತದೆ. ಮೂರನೆಯದು 30 ಸೆಕೆಂಡು. ಎಲ್ಲ ಹಾಲು.

ಮೂರನೆಯದಕ್ಕೆ ಚಪ್ಪಾಳೆ ಬಂತು, ನೋಡಿದಿರಾ? ಯಾವಾಗಲೂ ಬರುತ್ತದೆ. ನಾನೂ ಮೂರು ವರ್ಷ ಬರೀ ಹಾಲೇ ಕರೆದೆ. ಮಂಡ್ಯದವನಿಗೆ ಹಾಲು ಅಂದರೆ ಡೈರಿ ನೆನಪು. ಮನೆಯಲ್ಲಿ ಒಂದು ದಿನ ನನ್ನ ಮಗಳು ಫೋಟೋಗಳನ್ನೆಲ್ಲ ಸಾಲಾಗಿ ನೋಡಿ, “ಅಪ್ಪಾ, ಇದು ಅಬ್ಬಿನಾ, ಇರ್ಪುನಾ, ಮಲ್ಲಳ್ಳಿನಾ? ಎಲ್ಲ ಒಂದೇ ಥರ ಇದೆ” ಅಂದಳು. ನಿಜ. ಹಾಲಿಗೆ ಊರಿಲ್ಲ. 30 ಸೆಕೆಂಡಿನಲ್ಲಿ ಎಲ್ಲ ಹೊಳೆಗಳ ಮುಖವೂ ಒರೆಸಿಹೋಗುತ್ತದೆ. ಮೂರೂ ಬೇರೆ ಬೇರೆ ಕಲ್ಲಿನ ಮೇಲೆ, ಬೇರೆ ಬೇರೆ ಇಳಿಜಾರಿನಲ್ಲಿ ಬೀಳುವ ನೀರು. ಗುಳ್ಳೆ ಬೇರೆ, ದನಿ ಬೇರೆ. ಅದು ಫೋಟೋದಲ್ಲಿ ಉಳಿಯಬೇಕು. ಇದು ನನ್ನ ಹಟ. ಒಪ್ಪದವರು ಒಪ್ಪಬೇಡಿ.

ಹಾಲಿನಂಥ ನೀರು ಹೊಸ ಫ್ಯಾಷನ್ ಅಂತ ಕೆಲವರು ಬೈಯುತ್ತಾರೆ. ಅದೂ ತಪ್ಪು. ಅದು ಫೋಟೋಗ್ರಫಿಯಷ್ಟೇ ಹಳೆಯದು. 1860, 70ರ ಹೊತ್ತಿಗೆ ಗಾಜಿನ ಪ್ಲೇಟಿಗೆ ಮದ್ದು ಬಳಿದು, ಅದು ಒಣಗುವುದರೊಳಗೆ ಫೋಟೋ ತೆಗೆದು, ಅಲ್ಲೇ ಡೇರೆಯೊಳಗೆ ತೊಳೆಯಬೇಕಿತ್ತು. ಪ್ಲೇಟು ನಿಧಾನ. ಬೆಳಕು ಹಿಡಿಯಲು ಹಲವು ಸೆಕೆಂಡು ಬೇಕು. ಹೊಳೆ ಅಷ್ಟರಲ್ಲಿ ಹಾಲಾಗಿರುತ್ತಿತ್ತು, ಬೇಕಿದ್ದರೂ ಬೇಡದಿದ್ದರೂ. ಸ್ಯಾಮ್ಯುಯೆಲ್ ಬೋರ್ನ್ ಅನ್ನುವ ಇಂಗ್ಲಿಷ್ ಫೋಟೋಗ್ರಾಫರ್ 1866ರಲ್ಲಿ ಗಂಗೆಯ ಮೂಲದವರೆಗೆ ಹೋಗಿದ್ದು ಇಂಥ ಗಾಜನ್ನು ಕೂಲಿಗಳ ಬೆನ್ನ ಮೇಲೆ ಹೊರಿಸಿಕೊಂಡು. ನಾವು ಒಂದು ಕ್ಯಾಮೆರಾ ಬ್ಯಾಗಿಗೆ ಬೆನ್ನುನೋವು ಅನ್ನುತ್ತೇವೆ! ಎಡ್ವರ್ಡ್ ಮೈಬ್ರಿಜ್ ಅಂತ ಇನ್ನೊಬ್ಬರು. ಅಮೆರಿಕದ ಯೊಸೆಮಿಟಿ ಕಣಿವೆಯ ಜಲಪಾತಗಳನ್ನು 1872ರಲ್ಲಿ ಹೀಗೇ ದೊಡ್ಡ ಪ್ಲೇಟಿನಲ್ಲಿ ತೆಗೆದರು. ನೀರೆಲ್ಲ ಬಿಳಿ ಮಂಜು. ಓಡುವ ಕುದುರೆಯ ನಾಲ್ಕೂ ಕಾಲು ನೆಲ ಬಿಟ್ಟಿರುವುದನ್ನು 1878ರಲ್ಲಿ ಸಾಲು ಕ್ಯಾಮೆರಾ ಇಟ್ಟು ತೋರಿಸಿಕೊಟ್ಟರಲ್ಲ, ಅದೂ ಇವರೇ. ನೀರನ್ನು ಹರಿಯಬಿಟ್ಟ ಮನುಷ್ಯನೇ ಆರು ವರ್ಷ ಬಿಟ್ಟು ಕುದುರೆಯನ್ನು ಗಾಳಿಯಲ್ಲಿ ನಿಲ್ಲಿಸಿದ. ನನಗೆ ಈ ಸಂಗತಿ ತುಂಬಾ ಇಷ್ಟ.

ಸರಿ, ಲೆಕ್ಕಕ್ಕೆ ಬರೋಣ. ಮುಂದಿನ ಸಾಲಿನ ಹುಡುಗರು ಆಗಲೇ ನೋಟ್‌ಬುಕ್ ತೆಗೆದಿದ್ದಾರೆ.

ಮೋಡದ ದಿನ ಹೋಗಿ. ಬಿಸಿಲಿದ್ದರೆ ನೊರೆ ಸುಟ್ಟ ಹಾಗೆ ಬಿಳುಚಿಕೊಳ್ಳುತ್ತದೆ, ನೆರಳು ಮಸಿಯಾಗುತ್ತದೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 100 ಇರಲಿ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್ 8 ಅಥವಾ ಎಫ್ 11. ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಷಟರ್ ನಿಧಾನ ಆಗಲಿ ಅಂತ ಎಫ್ 22ಕ್ಕೆ ಹೋಗಬೇಡಿ, ಇಡೀ ಫೋಟೋ ಮೆತ್ತಗಾಗುತ್ತದೆ. ಅದಕ್ಕೆ ಎನ್‌ಡಿ ಫಿಲ್ಟರ್ ಇದೆ, ಲೆನ್ಸಿಗೆ ಕಪ್ಪು ಕನ್ನಡಕ ಹಾಕಿದ ಹಾಗೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ. 6 ಸ್ಟಾಪಿನದು ಬೆಳಕನ್ನು 64 ಪಟ್ಟು ತಗ್ಗಿಸುತ್ತದೆ. ಫಿಲ್ಟರ್ ಇಲ್ಲದೆ 1/15 ಸೆಕೆಂಡು ಬರುತ್ತಿದ್ದರೆ, ಹಾಕಿದ ಮೇಲೆ ಸುಮಾರು 4 ಸೆಕೆಂಡು. 10 ಸ್ಟಾಪಿನದು ಸುಮಾರು 1,000 ಪಟ್ಟು. ಅದನ್ನು ನಾನು ಕೊಂಡು ಪಶ್ಚಾತ್ತಾಪ ಪಟ್ಟೆ. ಕಾಡಿನೊಳಗೆ ಮೊದಲೇ ಬೆಳಕಿರುವುದಿಲ್ಲ, ಅದನ್ನು ಹಾಕಿದರೆ ನೇರ ಡೈರಿಗೇ.

ಒಂದೇ ಒಂದು ಫಿಲ್ಟರ್ ಕೊಳ್ಳುವ ದುಡ್ಡಿದ್ದರೆ ಪೋಲರೈಸರ್ ಕೊಳ್ಳಿ. ಒದ್ದೆ ಬಂಡೆ, ಒದ್ದೆ ಎಲೆಯ ಮೇಲಿನ ಹೊಳಪನ್ನು ತೆಗೆಯುತ್ತದೆ. ಹಸಿರು ಹಸಿರಾಗಿ ಬರುತ್ತದೆ. ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಮಡುವಿನ ಮೇಲಿನ ಆಕಾಶ ಮಾಯವಾಗಿ ತಳದ ಕಲ್ಲು ಕಾಣುತ್ತದೆ. ಅಲ್ಲಿವರೆಗೂ ಹೋಗಬೇಡಿ. ಆಕಾಶ ಪೂರ್ತಿ ಅಳಿಸಿದರೆ ಮಡು ಖಾಲಿ ಗುಂಡಿಯಂತೆ ಕಾಣುತ್ತದೆ. ಅರ್ಧ ಆಕಾಶ, ಅರ್ಧ ಕಲ್ಲು ಇರಲಿ. ಷಟರ್ ಕೈಯಲ್ಲಿ ಒತ್ತಬೇಡಿ, 2 ಸೆಕೆಂಡಿನ ಟೈಮರ್ ಸಾಕು. ಬಿಳಿ ತುಂಬಾ ಇದ್ದರೆ ಎಕ್ಸ್‌ಪೋಷರ್ ಸ್ವಲ್ಪ ಕೆಳಗಿಳಿಸಿ. ಒಮ್ಮೆ ಸುಟ್ಟ ಬಿಳಿಯನ್ನು ಯಾವ ಸಾಫ್ಟ್‌ವೇರೂ ವಾಪಸ್ಸು ತರುವುದಿಲ್ಲ. ಸಾಕು, ನೋಟ್‌ಬುಕ್ ಮುಚ್ಚಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ದಯವಿಟ್ಟು ಲೈಟ್ ಆರಿಸಿ.

ಇದು ಭಾಗಮಂಡಲದ ಕಡೆ, ರಸ್ತೆಯ ಒಂದು ಮೋರಿ ಪಕ್ಕದ ಹಳ್ಳ. ಹೆಸರಿಲ್ಲ. ಇದ್ದರೂ ಆ ತೋಟದವರಿಗೆ ಮಾತ್ರ ಗೊತ್ತು. ತಲಕಾವೇರಿ ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಭಾಗಮಂಡಲಕ್ಕೆ ರಸ್ತೆಯಲ್ಲಿ ಎಂಟು ಕಿಲೋಮೀಟರ್. ಕಾವೇರಿ ಬೆಟ್ಟದ ಹೊಳೆಯಾಗಿ ಕುಣಿಯುವುದು ಈ ಮೊದಲ ಇಳಿಜಾರಿನಲ್ಲೇ. ಆಮೇಲೆ ಬೇಗ ಗಂಭೀರ ಆಗಿಬಿಡುತ್ತಾಳೆ, ಮದುವೆಯಾದ ಹುಡುಗಿ ಹಾಗೆ ಅನ್ನಬೇಕಿತ್ತು, ಆದರೆ ಈಗಿನ ಹುಡುಗಿಯರು ಹಾಗೇನೂ ಆಗುವುದಿಲ್ಲ, ನಾನೇ ನೋಡುತ್ತಿರುತ್ತೇನೆ. ಹಾಗಾಗಿ ಬೆಟ್ಟದ ನೀರು ಬೇಕು ಅಂದರೆ ದೊಡ್ಡ ಹೆಸರಿನ ಹಿಂದೆ ಹೋಗಬೇಡಿ. ಇಂಥ ಹಳ್ಳಗಳನ್ನು ಹುಡುಕಿ. ತೋಟದವರನ್ನು ಕೇಳಿ ಒಳಗೆ ಹೋಗಿ. ನನ್ನನ್ನು ಒಳಗೆ ಬಿಟ್ಟ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. “ಫೋಟೋ ತೆಗೀಲಿಕ್ಕೆ ಅಲ್ಲಿ ಏನುಂಟು?”

ಏನಿತ್ತು ಅಂದರೆ, ಒಂದು ತಂಬಿಗೆಯಗಲದ ಸುಳಿ. ಒಂದು ಮೊಣಕಾಲೆತ್ತರದಿಂದ ನೀರು ಬೀಳುತ್ತಿತ್ತು. ಬಿದ್ದ ಕಡೆ ಬಿಳಿ. ಅಲ್ಲಿಂದ ಎರಡು ಅಡಿ ಆಚೆ ಬಂಡೆಯ ಸಂದಿನಲ್ಲಿ ನೀರು ಕಪ್ಪಗೆ ನಿಧಾನಕ್ಕೆ ತಿರುಗುತ್ತಿತ್ತು. ಅದರ ಮೇಲೆ ನೊರೆಯ ಒಂದು ತುಣುಕು, ಅಂಗೈಯಷ್ಟು. ಮಳೆಗಾಲದಲ್ಲಿ ಕೊಳೆತ ಎಲೆಯ ಸಾರ ನೀರಿಗಿಳಿದು ಇಂಥ ನೊರೆ ಏಳುತ್ತದೆ. ಕಾಡಿನ ಹಳ್ಳದಲ್ಲಿ ಅದನ್ನು ಕಂಡು ಕೊಳಕು ಅಂದುಕೊಳ್ಳಬೇಕಿಲ್ಲ. ಊರು ದಾಟಿದ ಮೇಲಿನ ನೊರೆಯ ಕತೆ ಬೇರೆ. ಆ ತುಣುಕಿನ ಪಕ್ಕದಲ್ಲಿ ಒಂದು ಹಳದಿ ಎಲೆ. ಎರಡೂ ಸುತ್ತುತ್ತಿದ್ದವು. ವಾಚು ನೋಡಿದೆ. ಒಂದು ಸುತ್ತಿಗೆ ಹದಿನೈದು ಸೆಕೆಂಡು. ಷಟರನ್ನು ಹದಿನೈದಕ್ಕೆ ಇಟ್ಟೆ, ಒತ್ತಿದೆ.

ಇಲ್ಲಿ ನೋಡಿ. ನೊರೆ ಬಿಳಿ ಬಳೆಯಾಗಿದೆ. ಒಳಗೊಂದು ಸಣ್ಣ ಬಳೆ, ಅದರೊಳಗೆ ಇನ್ನೊಂದು. ಎಲೆ ಹೋದ ದಾರಿ ತೆಳುವಾದ ಹಳದಿ ಗೆರೆ. ಈ ಮೂಲೆಯಲ್ಲಿ ಗೆರೆ ಸ್ವಲ್ಪ ದಪ್ಪ ಇದೆ, ಕಾಣುತ್ತಾ? ಅಲ್ಲಿ ಎಲೆ ಕಲ್ಲಿಗೆ ತಾಗಿ ಒಂದು ಕ್ಷಣ ಯೋಚನೆ ಮಾಡಿತು. ಇದನ್ನು ನನ್ನ ಕಣ್ಣು ನೋಡಿರಲಿಲ್ಲ. ಕ್ಯಾಮೆರಾ ನೋಡಿತು.

ಈ ಹದಿನೈದು ಸೆಕೆಂಡು ಇದೆಯಲ್ಲ, ಅದೇ ನನಗೆ ಬೇಕಾಗಿದ್ದು. ಮದುವೆಮನೆಯಲ್ಲಿ ನನ್ನ ಕೈ ಸುಮ್ಮನಿರುವುದಿಲ್ಲ. ಒಂದು ಮುಹೂರ್ತಕ್ಕೆ ಎರಡು ಸಾವಿರ ಕ್ಲಿಕ್. ಇಲ್ಲಿ ಒಂದು ಸಲ ಒತ್ತಿದರೆ ಮುಗಿಯಿತು, ಅದು ಮುಗಿಯುವವರೆಗೆ ಏನೂ ಮಾಡುವ ಹಾಗಿಲ್ಲ. ಅಲುಗಾಡಬಾರದು, ಟ್ರೈಪಾಡ್ ಅದುರುತ್ತದೆ. ಸುಮ್ನೆ ಕೂತಿರಬೇಕು. ಯಾರಾದರೂ ಕೇಳಿದರೆ ‘ಕೆಲಸದಲ್ಲಿದ್ದೇನೆ’ ಅನ್ನಬಹುದು. ನಮ್ಮ ಕಡೆ ಗಂಡಸು ಒಬ್ಬನೇ ಕಲ್ಲಿನ ಮೇಲೆ ಸುಮ್ಮನೆ ಕೂತರೆ ಏನೋ ಸಾಲವೋ ಸೋಲವೋ ಅಂದುಕೊಳ್ಳುತ್ತಾರೆ. ಕ್ಯಾಮೆರಾ ಎದುರಿಗಿದ್ದರೆ ಯಾರೂ ಕೇಳುವುದಿಲ್ಲ.

ಹಾಗೆ ಕೂತಾಗಲೇ ಮಲಬಾರ್ ವಿಸ್ಲಿಂಗ್ ಥ್ರಷ್ ಕೂಗಿದ್ದು. ಕಪ್ಪು ನೀಲಿ ಹಕ್ಕಿ. ಹೊಳೆ ಪಕ್ಕದಲ್ಲೇ ಇರುತ್ತದೆ. ಯಾರೋ ಹುಡುಗ ಹಾಡು ಮರೆತು ಶಿಳ್ಳೆ ಹಾಕುತ್ತಾ ಹೋಗುವ ಹಾಗೆ ಕೂಗು. ಅಷ್ಟು ನೀರಿನ ಸದ್ದಿನ ಮೇಲೂ ಅದು ಸೂಜಿಯ ಹಾಗೆ ತೂರಿ ಬಂತು. ಡಿಜೆ ಇದ್ದಿದ್ದರೆ ಕೇಳುತ್ತಿತ್ತಾ? ಹೊಳೆ ದೊಡ್ಡ ಸದ್ದು ಮಾಡಿದರೂ ಸಣ್ಣ ಸದ್ದಿಗೆ ಜಾಗ ಬಿಟ್ಟಿರುತ್ತದೆ. ಈಚೆಗೆ ಪ್ರತಿ ಜಲಪಾತದ ಬುಡದಲ್ಲೂ ಯಾರಾದರೊಬ್ಬರು ಬ್ಲೂಟೂತ್ ಸ್ಪೀಕರ್ ಹಿಡಿದು ನಿಂತಿರುತ್ತಾರೆ. ಜಲಪಾತಕ್ಕೆ ಹಿನ್ನೆಲೆ ಸಂಗೀತ! ಅವರ ಮೇಲೆ ನನಗೆ ಸಿಟ್ಟಿದೆ. ಜೊತೆಗೆ ಸ್ವಲ್ಪ ನಾಚಿಕೆಯೂ ಇದೆ, ಯಾಕೆಂದರೆ ಮದುವೆಗಳಲ್ಲಿ ಅದೇ ಹಾಡಿಗೆ ಕುಣಿಯುವವರ ಫೋಟೋ ತೆಗೆದೇ ನನ್ನ ಮನೆ ನಡೆಯುವುದು.

ಕಷ್ಟದ ಕತೆಯೂ ಒಂದು ಹೇಳಬೇಕು. ಇಲ್ಲದಿದ್ದರೆ ಎಲ್ಲ ಸಲೀಸು ಅಂದುಕೊಂಡುಬಿಡುತ್ತೀರಿ. ಲಕ್ಷ್ಮಣತೀರ್ಥದಲ್ಲೇ ಆಗಿದ್ದು. ಟ್ರೈಪಾಡಿನ ಎರಡು ಕಾಲು ಕಲ್ಲಿನ ಮೇಲೆ, ಒಂದು ಕಾಲು ಪಾಚಿಯ ಮೇಲೆ. ಪಾಚಿ ಅಂತ ಗೊತ್ತಿತ್ತು. ‘ಒಂದೇ ನಿಮಿಷ ತಾನೇ’ ಅಂತ ಪೋಲರೈಸರ್ ಒರೆಸಲು ಬಟ್ಟೆ ತೆಗೆಯೋಕೆ ಬಗ್ಗಿದೆ. ಬೆನ್ನ ಹಿಂದೆ ‘ಬುಳಕ್’ ಅಂತು. ಸಣ್ಣ ಸದ್ದು. ತಿರುಗಿ ನೋಡಿದರೆ ಟ್ರೈಪಾಡಿನ ಒಂದು ಕಾಲು ಮಾತ್ರ ನೀರಿನ ಮೇಲಿದೆ. ಎತ್ತಿದಾಗ ಲೆನ್ಸಿನೊಳಗೆ ನೀರು ಆಡುತ್ತಿತ್ತು. ಎಲ್ಲರೂ ಅಕ್ಕಿ ಮೂಟೆಯೊಳಗೆ ಇಡು ಅಂದರು. ಮಂಡ್ಯದವನ ಮನೆಯಲ್ಲಿ ಅಕ್ಕಿಗೇನು ಬರ? ಹತ್ತು ದಿನ ಇಟ್ಟೆ. ಕ್ಯಾಮೆರಾ ಏಳಲಿಲ್ಲ, ಲೆನ್ಸಿಗೆ ಬೂಷ್ಟು ಹಿಡಿಯಿತು. ಆ ಅಕ್ಕಿಯಲ್ಲಿ ಅನ್ನ ಮಾಡಿ ಉಂಡೆವು, ಅದಕ್ಕೇನೂ ಆಗಲಿಲ್ಲ. ಮಾಘ ಮಾಸದ ಮದುವೆಗಳಿಗೆ ಬಾಡಿಗೆ ಕ್ಯಾಮೆರಾ ತಂದು ದುಡಿದೆ.

ಕ್ಯಾಮೆರಾ ಹೋದರೆ ಇನ್ನೊಂದು. ಮನುಷ್ಯ ಹೋದರೆ? ಬಲಮುರಿ, ಎಡಮುರಿ, ಮುತ್ತತ್ತಿ ಇಲ್ಲೆಲ್ಲ ಎಷ್ಟು ಜನ ಮುಳುಗಿದ್ದಾರೆ ಅಂತ ಪೇಪರ್ ಓದುವವರಿಗೆ ಗೊತ್ತು. ಮಂಡ್ಯದಲ್ಲಿ ಬೆಳಗ್ಗೆ ಎದ್ದು ಕೇಳುವ ಮೊದಲ ಪ್ರಶ್ನೆ ‘ಕಟ್ಟೆ ಎಷ್ಟಾಯ್ತು?’ ಅಂತ. 124.80 ಅಡಿ ಆದರೆ ತುಂಬಿತು. ರೈತ ನೋಡುವುದು ಆ ಅಂಕಿ. ಫೋಟೋ ತೆಗೆಯುವವರು ಅದರ ಪಕ್ಕದ ಅಂಕಿ ನೋಡಿ, ಹೊರಹರಿವು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 10,000 ಕ್ಯೂಸೆಕ್ ಬಿಟ್ಟಿದ್ದಾರೆ ಅಂದರೆ ಸೆಕೆಂಡಿಗೆ 2,80,000 ಲೀಟರ್ ನಿಮ್ಮ ಟ್ರೈಪಾಡಿನ ಕಡೆ ಬರುತ್ತಿದೆ. ಅಂಥ ದಿನ ದಡದಿಂದ ಉದ್ದ ಲೆನ್ಸಿನಲ್ಲಿ ತೆಗೆಯಿರಿ, ಅಥವಾ ಮನೆಯಲ್ಲಿರಿ. ಬೆಟ್ಟದಲ್ಲಾದರೆ ಪೇಪರ್ ಇಲ್ಲ, ಕಣ್ಣು ಕಿವಿ ಎರಡೇ. ಇದ್ದಕ್ಕಿದ್ದ ಹಾಗೆ ನೀರು ಕೆಂಪಾಗತೊಡಗಿದರೆ, ಕಡ್ಡಿ ಎಲೆ ಜಾಸ್ತಿ ತೇಲಿ ಬಂದರೆ, ಸದ್ದು ಗಡಸಾದರೆ, ಮೇಲೆಲ್ಲೋ ಮಳೆ ಬಿದ್ದಿದೆ. ಷಟರ್ ಮುಗಿಯಲಿ ಅಂತ ಕಾಯಬೇಡಿ. ಹಾಗೇ ಎತ್ತಿಕೊಂಡು ಮೇಲೆ ಬನ್ನಿ.

ಸದ್ದು ಕೇಳಿ ನೀರು ಗುರುತಿಸುವುದು ನನಗೆ ಬಂದದ್ದು ನಮ್ಮಪ್ಪನಿಂದ. ನಾಲೆಯ ನೀರು ಸರದಿ ಮೇಲೆ ಬರುತ್ತಿತ್ತು. ನಮ್ಮ ಸರದಿ ಹೆಚ್ಚಾಗಿ ರಾತ್ರಿಯೇ. ಅಪ್ಪ ಬದುವಿನ ಮೇಲೆ ಕಂಬಳಿ ಹೊದ್ದು ಮಲಗಿರುತ್ತಿದ್ದರು, ಪಕ್ಕದಲ್ಲಿ ನಾನು. ಲಾಟೀನು ಆರಿಸಿರುತ್ತಿದ್ದರು, ಸೀಮೆಎಣ್ಣೆ ಉಳಿಸಲು. ಎಷ್ಟು ಹೊತ್ತಾದರೂ ಕಪ್ಪೆ, ಜೀರುಂಡೆ. ಮಧ್ಯರಾತ್ರಿ ಥಟ್ಟನೆ ಎದ್ದು ಕೂರುತ್ತಿದ್ದರು. “ನೀರು ಬಂತು ಕಣ್ಲಾ.” ನನಗೆ ಏನೂ ಕೇಳಿರುತ್ತಿರಲಿಲ್ಲ. ಗುದ್ದಲಿ ಹಿಡಿದು ಹೋಗಿ ನೋಡಿದರೆ ತೂಬಿನ ಬಾಯಲ್ಲಿ ಆಗಷ್ಟೇ ಒಂದು ಬೆರಳು ನೀರು ಇಣುಕುತ್ತಿರುತ್ತಿತ್ತು.

ಈಗ ಪ್ರಶ್ನೆ ಇದ್ದರೆ ಕೇಳಿ.

ಅಮ್ಮಾ, ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ, ಬರೀ ಮೊಬೈಲ್ ಇದ್ದರೆ ಆಗುತ್ತಾ ಅಂತ. ಆಗುತ್ತದೆ. ಕೆಲವು ಫೋನಿನಲ್ಲಿ ಪ್ರೊ ಮೋಡ್ ಇರುತ್ತದೆ, ಅದರಲ್ಲಿ ಷಟರ್ ನಿಧಾನ ಮಾಡಬಹುದು. ಐಫೋನ್ ಆದರೆ ಲೈವ್ ಫೋಟೋ ತೆಗೆದು ಆಮೇಲೆ ಲಾಂಗ್ ಎಕ್ಸ್‌ಪೋಷರ್ ಅಂತ ಆರಿಸಿಕೊಳ್ಳಿ. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಚಪ್ಪಲಿಗೆ ಒರಗಿಸಿ ಕಲ್ಲಿನ ಮೇಲೆ ನಿಲ್ಲಿಸಿ. ನಾನು ನೋಡಿದ ಅತ್ಯುತ್ತಮ ಟ್ರೈಪಾಡ್‌ಗಳಲ್ಲಿ ಹವಾಯಿ ಚಪ್ಪಲಿಯೂ ಒಂದು.

ಡ್ರೋನ್ ಬಗ್ಗೆ ಕೇಳಿದವರಿಗೆ: ಕಾಡಿನಲ್ಲಿ ಬೇಡ. ಅನುಮತಿಯ ಮಾತು ಒಂದು ಕಡೆ ಇರಲಿ, ಆ ಗುಂಯ್ ಸದ್ದು ಹೊತ್ತುಕೊಂಡು ಅಷ್ಟು ದೂರ ಯಾಕೆ ಹೋಗಬೇಕು?

ಮೈಸೂರಿಗೆ ಹತ್ತಿರದ್ದು ಯಾವುದು ಅಂತ ಕೇಳಿದರು. ಚುಂಚನಕಟ್ಟೆಗೆ ಹೋಗಿ, ಕೆ.ಆರ್. ನಗರದ ಕಡೆ. ಭಾನುವಾರ ಬೇಡ. ಗಗನಚುಕ್ಕಿ, ಭರಚುಕ್ಕಿ ಕಬಿನಿಯೂ ಕನ್ನಂಬಾಡಿಯೂ ನೀರು ಬಿಟ್ಟಾಗ ನೋಡಬೇಕು. ಆಗ ಅಲ್ಲಿ ನಿಂತರೆ ಎದೆಯೊಳಗೆ ಅದುರುತ್ತದೆ. 1902ರಲ್ಲೇ ಶಿವನಸಮುದ್ರದಲ್ಲಿ ಆ ನೀರಿನಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದರು ಅನ್ನುವುದು ಅಲ್ಲಿ ನಿಂತರೆ ನಂಬಿಕೆ ಬರುತ್ತದೆ. ಆದರೆ ಅದು ಮೌನಕ್ಕೆ ಹೋಗುವ ಜಾಗವಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ಮಾತು ಶುರುವಾಗುವ ಮುಂಚೆ, ಜನ ಬಂದು ಕೂರುವವರೆಗೂ ಪರದೆ ಮೇಲೆ ಒಂದು ಫೋಟೋ ಹಾಕಿಟ್ಟಿದ್ದೆ. ಪೂರ್ತಿ ಕಪ್ಪು. ನಟ್ಟನಡುವೆ ಬಿಳಿ ದಾರದಂಥ ಒಂದು ನೀರಿನ ಎಳೆ, ಕೆಳಗೆ ಕಾಸಿನಗಲ ನೊರೆ, ಅಷ್ಟೆ. ಅದು ಯಾವ ಜಲಪಾತ, ಕೊಡಗಾ, ಕುದುರೆಮುಖವಾ ಅಂತ ಕೇಳಿದರು.

ಅದು ನಮ್ಮ ಗದ್ದೆಯ ತೂಬು. ಎತ್ತರ ಒಂದೂವರೆ ಅಡಿ. ಅಪ್ಪ ಹೋದ ಮೇಲಿನ ವರ್ಷ, ನಾಲೆಗೆ ನೀರು ಬಿಟ್ಟ ಮೊದಲ ರಾತ್ರಿ ಹೋಗಿ ಬದುವಿನ ಮೇಲೆ ಕೂತಿದ್ದೆ. ಕಿವಿ ಮಂದವಾಗಿದ್ದರೂ ಆವತ್ತು ನನಗೇ ಮೊದಲು ಕೇಳಿತು. ಟಾರ್ಚಿನ ಮೇಲೆ ಕರ್ಚೀಫು ಕಟ್ಟಿ ಬೆಳಕು ಮಾಡಿಕೊಂಡು ನಾಲ್ಕು ಸೆಕೆಂಡು ಒತ್ತಿದೆ. ಎರಡನೆಯದಕ್ಕೆ ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೇಲಿನ ಗದ್ದೆಯವರು ದೂರದಿಂದ ಟ್ರೈಪಾಡ್ ನೋಡಿ, ಇಲಾಖೆಯವರು ನೀರು ಅಳೆಯಲು ಬಂದಿದ್ದಾರೆ ಅಂದುಕೊಂಡು, ಓಡಿಹೋಗಿ ಹಲಗೆ ಇಳಿಸಿಬಿಟ್ಟರು. ನೀರು ನಿಂತುಹೋಯಿತು. ಅದಕ್ಕೇ ಅದು ಒಂದೇ ಫೋಟೋ ಇರುವುದು.